ಸಮುದ್ರದ ದಂಡೆಯಲ್ಲಿ ಸರೋಜಮ್ಮನ ಉಪವಾಸ

ಬಸ್ಸು ಮೊದಲನೆಯ ಸುರಂಗದೊಳಗೆ ನುಗ್ಗಿದಾಗ ಸರೋಜಮ್ಮನವರ ಕೈ ಅಭ್ಯಾಸಬಲದಿಂದ ಎದೆಯ ಮೇಲೆ ಹೋಯಿತು. ಅಲ್ಲಿ ಲಿಂಗವಿಡುವ ಬೆಳ್ಳಿಯ ಕರಡಿಗೆ ಇರಲಿಲ್ಲ.

ಸೆರಗಿನೊಳಗೆ ಇನ್ನೊಮ್ಮೆ ತಡವಿದರು. ಅದನ್ನು ಕೊರಳಿಗೆ ಕಟ್ಟುವ ಶಿವದಾರವೂ ಇಲ್ಲ. ಮಡಿಲಲ್ಲಿದ್ದ ಕೈಚೀಲವನ್ನು ತೆರೆದು ಬಾಚಣಿಗೆ, ಪಾಸ್‌ಪೋರ್ಟು, ವಿಭೂತಿ ಗಟ್ಟಿ, ಮಾತ್ರೆ ಎಲ್ಲವನ್ನೂ ಸರಿಸಿ ನೋಡಿದರು. ಸುರಂಗ ಮುಗಿದು ಬೆಳಕು ಬರುವಷ್ಟರಲ್ಲಿ ಅವರಿಗೆ ನೆನಪಾಗಿತ್ತು. ಅತಿಥಿಗೃಹದ ಹೆಂಗಸರ ಸ್ನಾನದ ಮನೆ, ಗೋಡೆಯ ಹಲಗೆ, ಅದರ ಮೇಲಿನ ಬಿದಿರಿನ ಬುಟ್ಟಿ. ಬುಟ್ಟಿಯಲ್ಲಿ ಹಳದಿ ಟವೆಲ್ಲು. ಟವೆಲ್ಲಿನ ಮಡಿಕೆಯಲ್ಲಿ ಲಿಂಗ.

ಎಂಟನೆಯ ವಯಸ್ಸಿನಲ್ಲಿ ಕೊರಟಗೆರೆ ಬಳಿಯ ತವರಿನಲ್ಲಿ ದೀಕ್ಷೆಯಾದ ದಿನದಿಂದ ಸರೋಜಮ್ಮ ಇಷ್ಟಲಿಂಗವನ್ನು ಮೈಯಿಂದ ಬೇರೆ ಮಾಡಿದವರಲ್ಲ. ನಲವತ್ತೆಂಟು ವರ್ಷ. ಅಂಗೈಯಲ್ಲಿಟ್ಟು ಪೂಜಿಸದೆ ಒಂದು ತುತ್ತು ತಿಂದವರೂ ಅಲ್ಲ. ಮಗಳು ಲೋಹಿತಾ ಹುಟ್ಟಿದ ಮರುದಿನ ಮಧುಗಿರಿಯ ಆಸ್ಪತ್ರೆಯ ಮಂಚದ ಮೇಲೆ ಕೂತು ಪೂಜೆ ಮುಗಿಸಿದ ಮೇಲೇ ಗಂಜಿ ಕುಡಿದಿದ್ದರು. ಸ್ನಾನಕ್ಕೂ ಕೊರಳಲ್ಲೇ ಇರುತ್ತಿತ್ತು. ಆದರೆ ಜಪಾನಿನ ಈ ಊರಿನ ಬಿಸಿನೀರಿನ ಕೊಳಕ್ಕೆ ಎಲ್ಲರೂ ಒಟ್ಟಿಗೆ ಇಳಿಯಬೇಕು, ಮೈಮೇಲೆ ಏನೂ ಇರಬಾರದು. ಹಿಂದಿನ ದಿನ ಕೊರಳಲ್ಲಿ ಕರಡಿಗೆಯಿಟ್ಟುಕೊಂಡೇ ಇಳಿದಾಗ ಪಕ್ಕದ ಮುದುಕಿಯೊಬ್ಬಳು ಬೆಳ್ಳಿಯನ್ನು ತೋರಿಸಿ ಏನೋ ಹೇಳಿದ್ದಳು. ಕೊರಟಗೆರೆಯ ಹುಡುಗಿ, ತಂಡದ ದುಭಾಷಿ ರಾಧಾಮಣಿ ಅದನ್ನು ಬಿಡಿಸಿ ಹೇಳಿದ್ದಳು: "ಈ ನೀರಲ್ಲಿ ಬೆಳ್ಳಿ ಕಪ್ಪಾಗುತ್ತಂತೆ ಆಂಟಿ." ಅದಕ್ಕೇ ಇವತ್ತು ತೆಗೆದಿಟ್ಟದ್ದು. ನೀರಿಂದ ಮೇಲೆ ಬರುವಷ್ಟರಲ್ಲಿ ಹೊರಗೆ ಬಾಗಿಲು ಬಡಿದಿದ್ದರು. ಬಸ್ಸು ಬಂದಿದೆ, ಬೇಗ. ಪೂಜೆಯನ್ನು ಹೋದ ಕಡೆ ಮಾಡಿದರಾಯಿತೆಂದು ಸೀರೆ ಸುತ್ತಿಕೊಂಡು ಓಡಿದ್ದರು.

ಬಡವನಹಳ್ಳಿಯಲ್ಲಿ ಇಪ್ಪತ್ತೆರಡು ಹೆಂಗಸರು ಸೇರಿ ನಡೆಸುವ ಕಡ್ಲೆಕಾಯಿ ಘಟಕಕ್ಕೆ ಸರೋಜಮ್ಮ ಮೇಲ್ವಿಚಾರಕಿ. ಕಾಯನ್ನು ಕಿವಿಯ ಹತ್ತಿರ ಅಲುಗಾಡಿಸಿ, ಒಣಗಿದೆಯೋ ಇಲ್ಲವೋ ಹೇಳುತ್ತಾರೆ. ಶಿರಾದ ಮಂಡಿಯವರು ಈ ವಿಷಯದಲ್ಲಿ ಅವರೊಂದಿಗೆ ವಾದಕ್ಕಿಳಿಯುವುದಿಲ್ಲ. ಬೆಳೆಗಾರರ ವಿನಿಮಯ ಪ್ರವಾಸದಲ್ಲಿ ಅವರನ್ನೂ ಪಾವಗಡ ಕಡೆಯ ರೈತ ಕದರಪ್ಪನನ್ನೂ ಜಪಾನಿನ ಚಿಬಾ ಪ್ರಾಂತಕ್ಕೆ ಕರೆತಂದಿದ್ದರು. ಅಲ್ಲಿಯೂ ಕಡ್ಲೆಕಾಯಿಯೇ ಬೆಳೆ. ಜೊತೆಗೆ ಬಂದ ಸಂಯೋಜಕ ಅನಿಲ್ ಕುಮಾರ್ ಗಡಿಯಾರದ ಮನುಷ್ಯ.

ಇವತ್ತು ಕೊನೆಯ ದಿನ. ಬೆಳಿಗ್ಗೆ ಸಮುದ್ರದ ದಂಡೆಯ ಶಿಂಟೊ ದೇಗುಲ, ಮಧ್ಯಾಹ್ನ ತೊಮಿಕೊ ಎಂಬ ರೈತ ಹೆಂಗಸಿನ ಮನೆಯಲ್ಲಿ ಊಟ. ಸರೋಜಮ್ಮ ಬಾಯಿ ತೆರೆದು ಹೇಳಿದ್ದರೆ ಬಸ್ಸನ್ನು ತಿರುಗಿಸುತ್ತಿದ್ದರೇನೋ. ಆದರೆ ಮೂರನೆಯ ದಿನವೇ ಅನಿಲ್ ಕುಮಾರ್ ಎಲ್ಲರ ಮುಂದೆ, "ಅಮ್ಮಾ, ನಿಮ್ಮ ಪೂಜೆ ಮುಗಿಯೋವರ್ಗೂ ಈ ದೇಶದ ರೈಲು ನಿಲ್ಲಲ್ಲ," ಅಂದಿದ್ದ. ಅವತ್ತು ಅವರು ಇನ್ನು ಮೇಲೆ ಯಾರನ್ನೂ ಕಾಯಿಸುವುದಿಲ್ಲವೆಂದು ಮನಸ್ಸಿನಲ್ಲೇ ತೀರ್ಮಾನಿಸಿದ್ದರು. ಅದಕ್ಕಿಂತ ದೊಡ್ಡ ಅಡ್ಡಿ ಇನ್ನೊಂದಿತ್ತು. ಲಿಂಗ ಬಿಟ್ಟು ಬಂದೆ ಎಂಬ ಮಾತನ್ನು ಲಿಂಗವಂತರ ಹೆಂಗಸು ಯಾವ ಬಾಯಿಂದ ಆಡುವುದು?

ಆಡಲಿಲ್ಲ. ಬಸ್ಸು ಇನ್ನೂ ಎರಡು ಸುರಂಗ ದಾಟಿತು.

ದೇಗುಲ ಚೆನ್ನಾಗಿತ್ತು ಎಂದು ಉಳಿದವರೆಲ್ಲ ಹೇಳುತ್ತಾರೆ. ಪೈನ್ ಮರಗಳ ಸಾಲು, ಮೆಟ್ಟಿಲು, ಕೆಳಗೆ ಕಪ್ಪು ಬಂಡೆ. ಬಂಡೆಯ ಮೇಲೆ ಬಾಗಿಲಿಲ್ಲದ ಮರದ ದ್ವಾರವೊಂದು ಸಮುದ್ರಕ್ಕೆ ಮುಖ ಮಾಡಿ ನಿಂತಿದೆ. ಅಲೆ ಬಂದಾಗಲೆಲ್ಲ ಅದರ ಕಾಲು ನೊರೆಯಲ್ಲಿ ಮುಳುಗುತ್ತದೆ. ಒಳಗೆ ಹೋಗುವ ಮುನ್ನ ಕಲ್ಲಿನ ತೊಟ್ಟಿಯಿಂದ ಸೌಟಿನಲ್ಲಿ ನೀರು ತೆಗೆದು ಎಡಗೈ, ಬಲಗೈ ತೊಳೆದು ಬಾಯಿ ಮುಕ್ಕಳಿಸಬೇಕು. ಸರೋಜಮ್ಮ ಎಡಗೈಯನ್ನೇ ಮೂರು ಸಲ ತೊಳೆದರು. ಎಲ್ಲರೂ ಎರಡು ಸಲ ಬಾಗಿ, ಎರಡು ಸಲ ಚಪ್ಪಾಳೆ ತಟ್ಟಿದಾಗ ಅವರು ಹಿಂದೆ ನಿಂತು ಸೆರಗನ್ನು ಹಿಡಿದುಕೊಂಡಿದ್ದರು.

"ಯಾಕಕ್ಕಾ, ಮೈಯಾಗ್ ಚೆನ್ನಾಗಿಲ್ವಾ?" ಕದರಪ್ಪ ಕೇಳಿದ. "ಸಮುದ್ರ ನೋಡಿ ಹೆದ್ರಿಕೊಂಡ್ಯಾ? ಅಬ್ಬಬ್ಬಾ, ಎನ್ನಿ ನೀಳ್ಳು, ಎಷ್ಟ್ ನೀರು! ಇದ್ರಾಗೆ ಒಂದು ಕಾಲುವೆ ನಮ್ಮ ಪಾವಗಡಕ್ಕೆ ಬುಟ್ಟಿದ್ರೆ ಇವ್ರ ಗಂಟೇನು ಹೋಗ್ತಿತ್ತು?"

"ಉಪ್ಪುನೀರು ಕಣಪ್ಪ ಅದು."

"ಉಪ್ಪಾದ್ರೇನು, ಇರ್ಲಿ!"

ಅವರು ನಗಲಿಲ್ಲ. ಫೋನು ಹಿಡಿದು ಒಂದು ಪೈನ್ ಮರದ ಹಿಂದೆ ಹೋದರು. ಬಡವನಹಳ್ಳಿಯಲ್ಲಿ ಆಗ ಬೆಳಿಗ್ಗೆ ಏಳು ಗಂಟೆ. ಗಂಡ ಮಲ್ಲೇಶ್ ಹಿಟ್ಟಿನ ಗಿರಣಿಯ ಬೀಗ ತೆಗೆಯುತ್ತಿದ್ದ.

"ರೀ, ನಾನೊಂದು ಕೆಲ್ಸ ಮಾಡ್ಕಂಡ್ ಬಂದ್ಬುಟ್ಟೆ."

"ಏನಾಯ್ತು? ಪಾಸ್‌ಪೋರ್ಟ್ ಕಳೆದ್ಯಾ?"

"ಅದು ಹೋಗಿದ್ರೆ ಹೋಗ್ಲಿ ಅಂತಿದ್ದೆ." ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಂಡರು. "ಲಿಂಗ... ಸ್ನಾನದ ಮನೇಲಿ ಬಿಟ್ಬುಟ್ಟೆ."

 ಮಲ್ಲೇಶ್ ದನಿ ತಗ್ಗಿಸಿದ. "ನಮ್ಮಪ್ಪಯ್ಯನಿಗೆ ಹೇಳ್ಬೇಡ. ಊಟ ಮಾಡು ನೀನು. ಸಿಕ್ಮೇಲೆ ಪೂಜೆ ಮಾಡ್ಕಂಡ್ರಾಯ್ತು. ಅಲ್ಲೇನು ಯಾರು ನೋಡ್ತಾರೆ?"

"ಯಾರು ನೋಡ್ತಾರೆ ಅಂತ ನಾನು ಇಷ್ಟು ವರ್ಷ ಮಾಡಿದ್ನಾ?"

"ಲೇ ಸರೋಜ, ಸಕ್ಕರೆ ಕಾಯಿಲೆ ಐತೆ ನಿಂಗೆ. ತಲೆ ಸುತ್ತಿ ಬಿದ್ರೆ ಅಲ್ಲಿ ಎತ್ತೋರು ಯಾರು?"

"ಬೀಳಲ್ಲ, ಇಡ್ರಿ ಫೋನು."

ಇಟ್ಟ ಮೇಲೆ ಕಾಲುಗಳು ನಿಂತಲ್ಲಿ ನಿಲ್ಲಲಿಲ್ಲ. ಮರದಿಂದ ಮೆಟ್ಟಿಲಿಗೆ, ಮೆಟ್ಟಿಲಿಂದ ಮರಕ್ಕೆ ಓಡಾಡಿದರು. ಬುಟ್ಟಿಗಳನ್ನು ಎಷ್ಟು ಹೊತ್ತಿಗೆ ಖಾಲಿ ಮಾಡುತ್ತಾರೋ. ಟವೆಲ್ಲುಗಳನ್ನೆಲ್ಲ ಗಂಟು ಕಟ್ಟಿ ಒಗೆಯುವವರಿಗೆ ಕಳಿಸಿಬಿಟ್ಟರೆ? ಯಂತ್ರದಲ್ಲಿ ಹಾಕಿಬಿಟ್ಟರೆ? ಏನೋ ಡಬ್ಬಿ ಅಂತ ಯಾರಾದರೂ ಮುಚ್ಚಳ ತೆಗೆದರೆ? ಅನಿಲ್ ಕುಮಾರ್ ಎಲ್ಲರನ್ನೂ ದ್ವಾರದ ಎದುರು ನಿಲ್ಲಿಸಿ ಫೋಟೊ ತೆಗೆಸಿದ. ಒಂದಷ್ಟು ಹೊತ್ತು ಎಲ್ಲರೂ ದಂಡೆಯಲ್ಲೇ ಉಳಿದರು.

ತೊಮಿಕೊಳ ಮನೆ ಅಲ್ಲಿಂದ ಐದು ನಿಮಿಷ. ಎಪ್ಪತ್ತರ ಸಮೀಪದ ಗಟ್ಟಿ ಹೆಂಗಸು, ಬಿಸಿಲಿಗೆ ಕಂದಿದ ಮುಖ. ಚಾಪೆ ಹಾಸಿದ ಕೋಣೆಯ ತಗ್ಗು ಮೇಜಿನ ಮೇಲೆ ಊಟ ಸಿದ್ಧವಾಗಿತ್ತು. ಗಂಡಸರ ಮುಂದೆ ಹಸಿ ಮೀನನ್ನು ಈರುಳ್ಳಿ ಸೊಪ್ಪು, ಶುಂಠಿಯೊಂದಿಗೆ ಕೊಚ್ಚಿದ ಈ ಕರಾವಳಿಯ ಚಟ್ನಿಯಂಥದ್ದು. ಸರೋಜಮ್ಮನ ಮುಂದೆ ಬೇರೆಯೇ ತಟ್ಟೆ. ಕಡಲಪಾಚಿಯ ಹಾಳೆಯಲ್ಲಿ ಅನ್ನವನ್ನು ದಪ್ಪಗೆ ಸುತ್ತಿ ಕೊಯ್ದ ಬಿಲ್ಲೆಗಳು. ಒಂದೊಂದು ಬಿಲ್ಲೆಯಲ್ಲೂ ಕೆಂಪು, ಹಸಿರು ಹೂವಿನ ಚಿತ್ರ. ಪಕ್ಕದಲ್ಲಿ ಬೆಲ್ಲದ ಪಾಕದಂತೆ ಹೊಳೆಯುವ ಕಡ್ಲೆಬೀಜದ ಪಲ್ಯ, ಒಂದು ಬಟ್ಟಲು ತುಂಬ ಬೇಯಿಸಿದ ಹಸಿ ಕಡ್ಲೆಕಾಯಿ.

"ನಿಮಗಾಗಿ ಮೊಟ್ಟೆ ಬಿಟ್ಟು ಮಾಡಿದಾರಂತೆ," ರಾಧಾಮಣಿ ಹೇಳಿದಳು. "ಸಾರಿಗೂ ಮೀನಿನ ನೀರು ಹಾಕಿಲ್ಲ. ಬೆಳಿಗ್ಗೆ ನಾಲ್ಕಕ್ಕೆ ಎದ್ದರಂತೆ. ಕಡ್ಲೆಕಾಯಿ ಇವತ್ತೇ ಹೊಲದಿಂದ ಕಿತ್ತಿದ್ದು."

ತೊಮಿಕೊ ಎದುರಿಗೆ ಮಂಡಿಯೂರಿ ಕೂತು ನೋಡುತ್ತಿದ್ದಳು. ಕಾಯಿಯ ಹಬೆ ಸರೋಜಮ್ಮನ ಮೂಗಿಗೆ ಬಡಿಯಿತು. ಎರಡು ಕೈಯನ್ನೂ ಮಡಿಲಲ್ಲಿ ಹೆಣೆದು ಕೂತರು.

"ತಿನ್ನಮ್ಮಾ," ಅನಿಲ್ ಕುಮಾರ್ ಪಿಸುಗುಟ್ಟಿದ. "ಬೇಜಾರ್ ಮಾಡ್ಕೊತಾರೆ."

"ಆಗಲ್ಲ."

"ಎಲ್ಲಾ ವೆಜ್ಜೇ ಅಂತ ಹೇಳಿದ್ರಲ್ಲ!"

"ಅದಲ್ಲಪ್ಪಾ." ಇನ್ನು ಮುಚ್ಚಿಡುವುದರಲ್ಲಿ ಅರ್ಥವಿರಲಿಲ್ಲ. ಅವನ ಕಡೆ ನೋಡದೆ ರಾಧಾಮಣಿಗೆ ಹೇಳಿದರು. "ನನ್ನ ಲಿಂಗ ಅಲ್ಲೇ ಉಳ್ಕಂಡೈತೆ ಕಣಮ್ಮ. ಸ್ನಾನದ ಬುಟ್ಟೀಲಿ. ಪೂಜೆ ಆಗ್ದೆ ನಾನು ಉಣ್ಣಲ್ಲ. ಆಯಮ್ಮಂಗೆ ಹೆಂಗೆ ಹೇಳ್ತೀಯೋ ಹೇಳು. ಆಯಮ್ಮನ ಅಡುಗೆ ಮೇಲೆ ಸಿಟ್ಟಲ್ಲ ಅಂತ ಮಾತ್ರ ಮೊದ್ಲು ಹೇಳು."

ಕದರಪ್ಪನ ತುತ್ತು ಕೈಯಲ್ಲೇ ಉಳಿಯಿತು. "ಅಯ್ಯೋ ದೇವುಡಾ! ಬೆಳಗ್ಗಿಂದ ಒಬ್ಳೇ ನುಂಗ್ಕಂಡಿದ್ಯಾ ಅಕ್ಕಾ?"

ಅನಿಲ್ ಕುಮಾರ್ ಗಡಿಯಾರ ನೋಡಿದ.

ರಾಧಾಮಣಿ ಅತಿಥಿಗೃಹಕ್ಕೆ ಫೋನು ಮಾಡಿದಳು. ಬುಟ್ಟಿಗಳನ್ನು ಹತ್ತು ಗಂಟೆಗೇ ಖಾಲಿ ಮಾಡಿದ್ದರು. ಸ್ವಚ್ಛ ಮಾಡುವ ಹೆಂಗಸು ಏನಾದರೂ ಎತ್ತಿಟ್ಟಿದ್ದಾಳೋ ಗೊತ್ತಿಲ್ಲ, ಮನೆಗೆ ಹೋಗಿದ್ದಾಳೆ, ವಿಚಾರಿಸಿ ಹೇಳುತ್ತೇವೆ ಎಂದರು. ಅವಳು ಈ ಮಾತು ಮುಗಿಸುವಷ್ಟರಲ್ಲಿ ತೊಮಿಕೊ ಎದ್ದಿದ್ದಳು. ಬಿಲ್ಲೆಗಳನ್ನು ಒಂದು ಡಬ್ಬಿಗೆ, ಕಡ್ಲೆಕಾಯಿಯನ್ನು ಇನ್ನೊಂದಕ್ಕೆ ತುಂಬಿ ಬಟ್ಟೆಯಲ್ಲಿ ಗಂಟು ಕಟ್ಟಿದಳು. ಗೋಡೆಯ ಮೊಳೆಯಿಂದ ಕಾರಿನ ಕೀ ತೆಗೆದುಕೊಂಡಳು.

"ಉತ್ತರ ಬರೋವರ್ಗೂ ಇಲ್ಲಿ ಕೂತು ಏನು ಮಾಡೋದು ಅಂತಾರೆ," ರಾಧಾಮಣಿ ಹೇಳಿದಳು.

ಗಂಡಸರು ಬಸ್ಸಿನೊಂದಿಗೆ ಅಲ್ಲೇ ಉಳಿದರು. ಐವತ್ತು ನಿಮಿಷದ ದಾರಿ. ತೊಮಿಕೊಳ ಸಣ್ಣ ಕಾರು ಹಳದಿಗೆ ತಿರುಗಿದ ಗದ್ದೆಗಳ ನಡುವೆ ಓಡಿತು. ಅಲ್ಲಲ್ಲಿ ಕಿತ್ತ ಕಡ್ಲೆಗಿಡಗಳನ್ನು ಬೇರು ಮೇಲಾಗಿಸಿ ಗುಡ್ಡೆ ಹಾಕಿ ಒಣಗಿಸಿದ್ದರು. ಬೇರೆ ದಿನವಾಗಿದ್ದರೆ ಸರೋಜಮ್ಮ ಇಳಿದು ಒಂದು ಕಾಯನ್ನಾದರೂ ಕಿವಿಗೆ ಹಿಡಿಯದೆ ಬಿಡುತ್ತಿರಲಿಲ್ಲ. ಇವತ್ತು ರಾಧಾಮಣಿಯ ಕೈಯಲ್ಲಿದ್ದ ಫೋನನ್ನೇ ನೋಡುತ್ತಿದ್ದರು. ಅದು ಒಮ್ಮೆಯೂ ಸದ್ದು ಮಾಡಲಿಲ್ಲ. ಸಿಗ್ನಲ್ಲಿನಲ್ಲಿ ಕಾರು ನಿಂತಾಗಲೆಲ್ಲ ಅವರ ಪಾದ, ಇಲ್ಲದ ಆಕ್ಸಿಲರೇಟರನ್ನು ಒತ್ತುತ್ತಿತ್ತು. ಸಿಗದಿದ್ದರೆ ನಾಳೆ ವಿಮಾನ, ನಾಡಿದ್ದು ಊರು. ಮಠಕ್ಕೆ ಹೋಗಿ ಹೊಸ ಲಿಂಗ ಕೇಳಬಹುದು, ಕೊಡುತ್ತಾರೆ. ಆದರೆ ಅಲ್ಲಿಯವರೆಗೆ ಮಾವ ಮಹಾಲಿಂಗಯ್ಯನವರ ಮುಂದೆ ಬರಿಗೊರಳಲ್ಲಿ ಹೇಗೆ ನಿಲ್ಲುವುದು?

ಅತಿಥಿಗೃಹದ ಬಾಗಿಲಲ್ಲೇ ಸ್ವಚ್ಛ ಮಾಡುವ ಹೆಂಗಸು ನಿಂತಿದ್ದಳು. ಫೋನು ತಡವಾಗಿ ಸಿಕ್ಕಿ ಈಗಷ್ಟೇ ಸೈಕಲ್ಲಿನಲ್ಲಿ ವಾಪಸ್ಸು ಬಂದಿದ್ದಳಂತೆ, ಇನ್ನೂ ಏದುಸಿರು ಬಿಡುತ್ತಿದ್ದಳು. ಅವಳ ಎರಡೂ ಕೈಯಲ್ಲಿ ಮರದ ತಟ್ಟೆ, ತಟ್ಟೆಯ ಮೇಲೆ ಬಿಳಿ ಬಟ್ಟೆ, ಬಟ್ಟೆಯ ಮೇಲೆ ಕರಡಿಗೆ. ಶಿವದಾರವನ್ನು ಅಂದವಾಗಿ ಸುತ್ತಿ ಇಟ್ಟಿದ್ದಳು.

ಸರೋಜಮ್ಮ ಕೈ ಚಾಚಿದವರು ಅಲ್ಲೇ ತಡೆದರು. "ತೆಗೆದು ನೋಡಿದ್ರಾ ಅಂತ ಕೇಳಮ್ಮ."

ರಾಧಾಮಣಿ ಕೇಳಿದಳು. ಆ ಹೆಂಗಸು ಗಾಬರಿಯಿಂದ ತಲೆಯಾಡಿಸಿ ಉದ್ದಕ್ಕೆ ಏನೋ ಹೇಳಿದಳು.

"ಇಲ್ಲ ಅಂತಾರೆ ಆಂಟಿ. ಇಲ್ಲೂ ದೇವಸ್ಥಾನದಿಂದ ಚಿಕ್ಕ ಚೀಲದಲ್ಲಿ ರಕ್ಷೆ ಕೊಡ್ತಾರಂತೆ, ಜೊತೇಲಿ ಇಟ್ಕೊಳ್ಳೋಕೆ. ಅದನ್ನ ಯಾರೂ ಬಿಚ್ಚಬಾರದು. ಇದೂ ಅಂಥದ್ದೇ ಅಂದ್ಕೊಂಡ್ರಂತೆ. ಬರಿಗೈಲೂ ಹಿಡೀಲಿಲ್ಲ, ಟವೆಲ್ಲಿನ ಸಮೇತ ಎತ್ತಿಟ್ಟೆ ಅಂತಿದಾರೆ."

ಸರೋಜಮ್ಮ ಕರಡಿಗೆಯನ್ನು ಕಣ್ಣಿಗೊತ್ತಿಕೊಂಡು ಕೋಣೆಗೆ ಹೋದರು. ಎಡ ಅಂಗೈಯಲ್ಲಿ ಲಿಂಗ ಕೂತಾಗ ಬಲಗೈಯನ್ನೂ ಅಡಿಗೆ ಕೊಟ್ಟು ಹಿಡಿದರು. ದಿನಾ ಬಾಯಿಗೆ ತಾನಾಗಿ ಬರುವ ಮಂತ್ರ ಎರಡು ಕಡೆ ತಪ್ಪಿತು. ಮತ್ತೆ ಮೊದಲಿಂದ ಹಿಡಿದರು.

ಹೊರಗೆ ಬಂದಾಗ ಎರಡೂಮುಕ್ಕಾಲು. ತೊಮಿಕೊ ಪಡಸಾಲೆಯ ಬೆಂಚಿನ ಮೇಲೆ ಡಬ್ಬಿಗಳನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದಳು. ಅವಳೂ ಬೆಳಗಿನಿಂದ ಏನೂ ತಿಂದಿರಲಿಲ್ಲ. ಮೂವರೂ ಅಲ್ಲೇ ಗಂಟು ಬಿಚ್ಚಿದರು. ಅನ್ನದ ಬಿಲ್ಲೆ ಹುಳಿಸಿಹಿಯಾಗಿತ್ತು. ಕಡ್ಲೆಕಾಯಿ ಆರಿತ್ತು. ಸರೋಜಮ್ಮ ಸಿಪ್ಪೆ ಒಡೆದು ಮೂರು ಕಾಳು ಬಾಯಿಗೆ ಹಾಕಿಕೊಂಡರು.

"ಹೇಗಿದೆ ಅಂತ ಕೇಳ್ತಿದಾರೆ," ಅಂದಳು ರಾಧಾಮಣಿ.

"ಕಾಯಿ ಒಂದನೇ ನಂಬರು. ಉಪ್ಪು ಮಾತ್ರ ಕಮ್ಮಿಯಾಗೈತೆ. ಬೇಯೋಕ್ ಮುಂಚೆ ಹಾಕ್ಬೇಕು ಅಂತ ಹೇಳು."

ತೊಮಿಕೊ ಗಹಗಹಿಸಿ ನಕ್ಕಳು. ಇಷ್ಟು ದೂರ ಬಂದು ನನ್ನ ಅತ್ತೆ ಹೇಳಿದ್ದನ್ನೇ ಹೇಳುತ್ತೀಯಲ್ಲ ಎಂದಳಂತೆ. ಆಮೇಲೆ ಇನ್ನೊಂದು ಕೇಳಿದಳು: ಸಮುದ್ರ ಹೇಗನ್ನಿಸಿತು?

ಸರೋಜಮ್ಮ ಅಗಿಯುವುದನ್ನು ನಿಲ್ಲಿಸಿದರು. ಐವತ್ತಾರು ವರ್ಷದಲ್ಲಿ ಅವರು ಸಮುದ್ರದ ಎದುರು ನಿಂತದ್ದು ಇವತ್ತೇ ಮೊದಲು.

"ನಾನು ನೋಡ್ಲೇ ಇಲ್ವಲ್ಲಮ್ಮ."

"ಏನಾಂಟಿ, ಅಷ್ಟೊತ್ತು ದಡದಲ್ಲೇ ನಿಂತಿದ್ರಿ!"

"ನಿಂತಿದ್ದೆ. ಕಣ್ಣು ಅಲ್ಲಿರ್ಲಿಲ್ಲ." ಅವರು ಗೋಡೆಯ ಗಡಿಯಾರವನ್ನು ನೋಡಿದರು. ದಂಡೆಗೆ ಹೋಗಲು ಐವತ್ತು ನಿಮಿಷ, ಬರಲು ಐವತ್ತು. ನಾಳೆ ಬೆಳಿಗ್ಗೆ ವಿಮಾನ. "ಬಿಸ್ಲು ಎಷ್ಟೊತ್ತಿನವರ್ಗೂ ಇರುತ್ತೆ ಅಂತ ಆಯಮ್ಮನ ಕೇಳು. ಪೆಟ್ರೋಲು ನಾನು ಹಾಕಿಸ್ತೀನಿ. ಆ ಅನಿಲ್ ಕುಮಾರಂಗೂ ಒಂದು ಫೋನ್ ಮಾಡು, ಬಸ್ಸು ಅಲ್ಲೇ ನಿಂತಿರ್ಲಿ, ನಾನು ಬರ್ತಿದೀನಿ, ಕಾಯ್ಬೇಕು ಅಂತ ಹೇಳು."