ಎಡಗಡೆ ಸೀಟಿಗೆ ಹತ್ತಿದವರು

ಇದನ್ನು ಕಟ್ಟುಕಥೆ ಎಂದುಕೊಳ್ಳುವವರು ಹಾಗೇ ಅಂದುಕೊಳ್ಳಲಿ, ನಾನು ಜಗಳಕ್ಕೆ ಬರುವುದಿಲ್ಲ. ಆದರೆ ಆ ರಾತ್ರಿಯ ವಿಷಯಕ್ಕೆ ನಮ್ಮತ್ತೆ ಇವತ್ತಿಗೂ ನನ್ನನ್ನು ಬೈಯುತ್ತಾರೆ. ನಡೆಯದೇ ಇರುವ ಸಂಗತಿಗೆ ಇಷ್ಟು ದಿನ ಯಾರಾದರೂ ಬೈಸಿಕೊಳ್ಳುತ್ತಾರೆಯೇ, ನೀವೇ ಹೇಳಿ.

ನಮ್ಮದು ಸಿಂಗಟಗೆರೆ ಕಡೆಯ ತೋಟದ ಮನೆ. ಕೂಗಿದರೆ ಕೇಳಿಸುವಷ್ಟು ಹತ್ತಿರದಲ್ಲಿ ಬೇರೆ ಮನೆಯಿಲ್ಲ. ತೆಂಗಿನಕಾಯಿ ಸಾಗಿಸಲು ಒಂದು ಹಳೇ ಪಿಕಪ್ ಇದೆ. ಅದನ್ನು ಓಡಿಸುವುದು ನಾನು. ತವರೂರು ಶಿವನಿಯಲ್ಲಿ ನಮ್ಮಪ್ಪ ಬಾಡಿಗೆ ಗಾಡಿ ಇಟ್ಟಿದ್ದರು, ಅಲ್ಲೇ ಕಲಿತದ್ದು. ನನ್ನ ಗಂಡ ಮಂಜುನಾಥ್‌ಗೆ ಗಾಡಿಯ ಹೊಟ್ಟೆಯೊಳಗಿನದೆಲ್ಲ ಗೊತ್ತು, ಸ್ಟೇರಿಂಗ್ ಹಿಡಿದರೆ ಮಾತ್ರ ಬೆವರು ಕಿತ್ತುಕೊಳ್ಳುತ್ತದೆ. ಹಾಗಾಗಿ ರಿಪೇರಿ ಅವರದು, ಓಡಿಸುವುದು ನನ್ನದು.

ಆ ಗಾಡಿಗೆ ಒಂದು ಹಳೇ ಕಾಯಿಲೆ. ಡ್ರೈವರ್ ಬಾಗಿಲು ಒಳಗಿನಿಂದ ತೆರೆಯುತ್ತಿರಲಿಲ್ಲ, ಆ ಕಡೆಯ ಗಾಜೂ ಇಳಿಯುತ್ತಿರಲಿಲ್ಲ. ಹೊರಗಿನಿಂದ ಯಾರಾದರೂ ತೆಗೆಯಬೇಕು, ಇಲ್ಲವಾದರೆ ಉದ್ದ ಸೀಟಿನ ಮೇಲೆ ಜಾರಿಕೊಂಡು ಹೋಗಿ ಎಡಗಡೆ ಬಾಗಿಲಿಂದ ಇಳಿಯಬೇಕು. ಸರಿಮಾಡಿ ಎಂದರೆ ಇವರು, "ಎಲ್ಲಿಗೆ ಓಡ್ಹೋಗ್ಬೇಕಿತ್ತೇ ನೀನು?" ಎಂದು ನಗುತ್ತಿದ್ದರು.

ಅವತ್ತು ಕತ್ತಲಾಗುತ್ತಿದ್ದಂತೆ ತ್ರೀ ಫೇಸ್ ಕರೆಂಟ್ ಬಂತು. ಇವರು ಮೋಟಾರ್ ಹಾಕಲು ಹೋದರು. ಹೋದವರು ಓಡಲೂ ಇಲ್ಲ, ಕೂಗಲೂ ಇಲ್ಲ, ನಿಧಾನವಾಗಿ ನಡೆದು ಬಂದು ಜಗಲಿಯ ಮೇಲೆ ಕೂತರು.

"ಲತಾ, ಗಾಡಿ ತೆಗಿ. ಹಾವು ಕಚ್ತು ಕಣೇ... ನಾಗರನೇ. ಹೆಡೆ ನೋಡ್ದೆ."

ಆಂಬುಲೆನ್ಸ್‌ಗೆ ಫೋನ್ ಮಾಡಿದರೆ ಗಾಡಿ ಬೇರೆ ಕಡೆ ಹೋಗಿದೆ, ಹೊತ್ತಾಗುತ್ತದೆ ಎಂದರು. ಕಾಯುವ ಧೈರ್ಯ ಯಾರಿಗಿದೆ? ಅತ್ತೆಯನ್ನು ನಡುವೆ ಕೂರಿಸಿ, ಇವರನ್ನು ಎಡಗಡೆ ಬಾಗಿಲಿಗೆ ಒರಗಿಸಿ ಕಡೂರಿನ ದಾರಿ ಹಿಡಿದೆ. ಬೇಗ ಆಸ್ಪತ್ರೆ ಸೇರಿದರೆ ಗಂಡ ಉಳಿಯುತ್ತಾರೆ. ಅದೊಂದನ್ನು ಬಿಟ್ಟು ತಲೆಯಲ್ಲಿ ಇನ್ನೇನೂ ಇರಲಿಲ್ಲ.

ಸ್ವಲ್ಪ ದೂರ ಹೋಗಿರಬೇಕು, ಒಂದು ಗುಂಡಿಗೆ ಗಾಡಿ ಎಗರಿಬಿತ್ತು. ಸೀಟಿನ ಕೆಳಗೆ ಕಟಕ್ ಎಂದಿತು. ಇಂಜಿನ್ ನಿಂತುಹೋಯಿತು.

ಕೀ ತಿರುಗಿಸಿದೆ. ಸ್ಟಾರ್ಟ್ ಆಯಿತು... ಆರಿತು. ಮತ್ತೆ ತಿರುಗಿಸಿದೆ. ಸ್ಟಾರ್ಟ್ ಆಯಿತು... ಮತ್ತೆ ಆರಿತು.

"ಡೀಸೆಲ್ ಪೈಪಲ್ಲಿ ಏರ್ ಹಿಡ್ದಿರ್ಬೇಕು," ಎಂದರು ಇವರು. "ಬಾನೆಟ್ ಎತ್ತಿ ಹ್ಯಾಂಡ್ ಪಂಪ್ ಒತ್ತು."

ನಾನು ಇಳಿಯಬೇಕೆಂದರೆ ಅವರಿಬ್ಬರೂ ಇಳಿಯಬೇಕು. ಇಳಿದರು. ಪಂಪ್ ಒತ್ತಿ ಬಂದು ಸ್ಟಾರ್ಟ್ ಮಾಡಿದರೆ ಗಾಡಿ ಏನೂ ಆಗಿಲ್ಲವೆಂಬಂತೆ ಗುರುಗುಟ್ಟುತ್ತಾ ನಿಂತಿತು. ಅತ್ತೆ ಹತ್ತಿದರು, ಸರಿಯಾಗೇ ಇತ್ತು. ಇವರು ಹತ್ತಿ ಕೂತರು, ಆರಿಹೋಯಿತು. ಮತ್ತೆ ಇಳಿಸಿದೆ, ಮತ್ತೆ ಪಂಪ್ ಒತ್ತಿದೆ, ಮತ್ತೆ ಅದೇ ಕಥೆ. ನನಗೆ ಆ ಗಾಡಿಗೆ ಬೆಂಕಿ ಇಡುವಷ್ಟು ಸಿಟ್ಟು ಬಂತು.

ಆಮೇಲೆ ಹೊಳೆಯಿತು. ಇವರು ಇಳಿದಾಗ ಓಡುತ್ತದೆ, ಕೂತಾಗ ನಿಲ್ಲುತ್ತದೆ. ಇವರನ್ನು ಇಳಿಸಿ ಮತ್ತೆ ಸ್ಟಾರ್ಟ್ ಮಾಡಿದೆ. "ಅತ್ತೆ, ಆ ಎಡಗಡೆ ತುದೀನ ಕೈಯಲ್ಲಿ ಅದುಮಿ," ಎಂದೆ. ಅದುಮಿದರು. ಇಂಜಿನ್ ಆರಿತು.

ಮೊಬೈಲ್ ಬೆಳಕು ಬಿಟ್ಟು ನೋಡಿದೆ. ಸೀಟಿನ ಎಡತುದಿಯ ಕಬ್ಬಿಣ ಮುರಿದು ಕೆಳಗೆ ಕೂತಿತ್ತು, ಅದರಡಿ ಒಂದು ವೈರ್ ಸಿಕ್ಕಿಕೊಂಡಿತ್ತು. ಇವರಿಗೆ ವಿವರಿಸಿದೆ.

"ಡೀಸೆಲ್ ಬಿಡೋ ಸ್ವಿಚ್‌ದು ಅದು," ಎಂದರು. ನಾಲಿಗೆ ಆಗಲೇ ದಪ್ಪಗಾಗಿತ್ತು. "ಅಲ್ಲಿ ಭಾರ ಬಿದ್ರೆ ಕರೆಂಟ್ ಕಟ್, ಡೀಸೆಲ್ ಬರಲ್ಲ... ಸೀಟು ಖಾಲಿ ಬಿಡು."

ವೈರ್ ಎಳೆದೆ, ಬರಲಿಲ್ಲ. ಸೀಟಿನ ಬೋಲ್ಟುಗಳು ತುಕ್ಕು ಹಿಡಿದಿದ್ದವು. ಅಷ್ಟರಲ್ಲಿ ಇವರ ಕಣ್ಣುರೆಪ್ಪೆ ಜೋತುಬೀಳತೊಡಗಿತ್ತು, ಕೂರಲೂ ಆಗುತ್ತಿರಲಿಲ್ಲ. ಹಿಂದೆ ಗೋಣಿಚೀಲ ಹಾಸಿ ಮಲಗಿಸಿದೆವು. ಅತ್ತೆ ಮಗನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡರು. ಹಿಂಬಾಗಿಲಿಗೆ ಸರಪಳಿ ಬಿಗಿದು ನಾನೊಬ್ಬಳೇ ಮುಂದೆ ಕೂತೆ. ಗಾಡಿ ಹೊರಟಿತು. ಇದ್ದಬದ್ದ ದೇವರಿಗೆಲ್ಲ ಕೈಮುಗಿದೆ.

ದಾರಿಯಲ್ಲಿ ಒಂದು ಹಾಳು ಬಸ್ ಸ್ಟ್ಯಾಂಡ್ ಬರುತ್ತದೆ. ಬಸ್ಸು ತಪ್ಪಿದವರು ಅಲ್ಲಿ ನಿಂತು ಕೈ ಅಡ್ಡ ಹಾಕುತ್ತಾರೆ, ನಮ್ಮ ಕಡೆ ಪಿಕಪ್‌ನವರು ಹತ್ತಿಸಿಕೊಂಡೂ ಹೋಗುತ್ತಾರೆ. ಆ ಹೊತ್ತಿನಲ್ಲಿ ಅಲ್ಲಿ ಯಾರೂ ಇರಲಿಲ್ಲ. ಲೈಟಿನಲ್ಲಿ ಕಲ್ಲುಬೆಂಚು ಖಾಲಿ ಕಂಡಿತು. ಎದುರಿಗೆ ಹಂಪ್ ಇದ್ದದ್ದರಿಂದ ನಿಧಾನ ಮಾಡಿದೆ, ಅಷ್ಟೇ.

ಕಿರ್ರ್... ಎಂದಿತು ಎಡಗಡೆ ಸೀಟು.

ಇಂಜಿನ್ ಆರಿತು.

ಕೀ ತಿರುಗಿಸಿದೆ. ಬಂತು... ಹೋಯಿತು. ಒದ್ದೆ ಮಣ್ಣಿನಲ್ಲಿ ಬಹಳ ದಿನ ಬಿದ್ದಿದ್ದ ಬಟ್ಟೆಯ ವಾಸನೆ ಮೂಗಿಗೆ ಬಡಿಯಿತು. ಕತ್ತು ತಿರುಗಿಸಬಾರದು ಅನ್ನಿಸಿತು, ಆದರೂ ತಿರುಗಿಸಿದೆ. ಸೀಟಿನ ಮೇಲೆ ಯಾರೂ ಇಲ್ಲ. ಮೀಟರಿನ ಮಂದ ಬೆಳಕಿನಲ್ಲಿ ರೆಕ್ಸಿನ್ ಮಾತ್ರ ತಗ್ಗಾಗಿತ್ತು... ಒಬ್ಬರು ಕೂತರೆ ಎಷ್ಟು ತಗ್ಗಾಗುತ್ತದೋ ಅಷ್ಟು.

ನನ್ನ ಬಾಗಿಲು ತೆರೆಯುವುದಿಲ್ಲ. ಇಳಿಯಬೇಕೆಂದರೆ ಆ ತಗ್ಗಿನ ಮೇಲೆಯೇ ದಾಟಿ ಹೋಗಬೇಕು. ಅತ್ತೆ ಬಂದು ಹೊರಗಿನಿಂದ ತೆಗೆಯಲಿ ಎಂದರೆ ಹಿಂದೆ ಸರಪಳಿ ಬಿಗಿದಿದ್ದೆ, ಅವರ ತೊಡೆಯ ಮೇಲೆ ಮಗ. ಭಯ ಎಂದರೆ ಏನೆಂದು ನನಗೆ ಗೊತ್ತಾದದ್ದು ಆವಾಗ.

ಹಿಂದಿನ ಗಾಜನ್ನು ಯಾರೋ ದಬದಬ ಬಡಿದರು. ಅತ್ತೆ.

"ಏನೇ ಲತಾ, ನಿನಗೇನ್ ಬಂದೈತೆ? ನನ್ನ ಮಗ ಉಸಿರಿಗೆ ಒದ್ದಾಡ್ತಾವ್ನೆ, ನೀನು ದಾರೀಲಿ ನಿಂತೋರ್ನ ಹತ್ತಿಸ್ಕೊಂಡು ಕೂತಿದೀಯಾ? ಇಳ್ಸೇ ಅವ್ರನ್ನ!"

ಸ್ಟೇರಿಂಗ್ ಮೇಲಿನ ನನ್ನ ಕೈಗಳನ್ನೇ ನೋಡುತ್ತಾ ಹೇಳಿದೆ: "ನೀವು ಯಾರಾದ್ರೂ ಆಗಿರಿ... ನನ್ನ ಗಂಡಂಗೆ ಹಾವು ಕಚ್ಚೈತೆ. ಇಳೀರಿ."

ತಗ್ಗು ಏಳಲಿಲ್ಲ. ಹಿಂದಿನಿಂದ ಇವರು ಉಸಿರೆಳೆಯುವ ಗೊರಗೊರ ಸದ್ದು ಗಾಜು ದಾಟಿ ಬರುತ್ತಿತ್ತು. ಆ ಸದ್ದು ನಿಂತರೆ? ಆ ಯೋಚನೆ ಬಂದಾಗ ಪಕ್ಕದಲ್ಲಿರುವುದರ ಭಯ ಎರಡನೆಯದಾಯಿತು. ವೈರ್ ಸಿಕ್ಕಿಕೊಂಡಿರುವುದು ಎಡತುದಿಯಲ್ಲಿ. ನಡುವೆ ಅತ್ತೆ ಕೂತಾಗ ಇಂಜಿನ್ ಆರಿರಲಿಲ್ಲ.

"ಇಳಿಯಲ್ಲ ಅಂದ್ರೆ ಬ್ಯಾಡ," ಎಂದೆ. ಸ್ವರ ನನ್ನದೇ ಎಂದು ನಂಬಲಾಗಲಿಲ್ಲ. "ಈ ಕಡೆ ಸರ್ಕೊಳ್ಳಿ. ನನ್ನ ಪಕ್ಕಕ್ಕೆ."

ರೆಕ್ಸಿನ್ ಮೇಲೆ ಬಟ್ಟೆ ಉಜ್ಜಿದ ಸದ್ದು. ಎಡತುದಿ ನಿಧಾನವಾಗಿ ಮೇಲೆದ್ದಿತು. ನನ್ನ ಎಡತೊಡೆಗೆ ಏನೋ ಒತ್ತಿಕೊಂಡು ಕೂತಿತು... ತಣ್ಣಗೆ, ಭಾರವಾಗಿ.

ಕೀ ತಿರುಗಿಸಿದೆ. ಇಂಜಿನ್ ಹಿಡಿದುಕೊಂಡಿತು.

ಒಂದನೇ ಗೇರಿನಲ್ಲಿ ಹಂಪ್ ದಾಟಿಸಿ ಎರಡನೆಯದಕ್ಕೆ ಎಳೆದರೆ ಗೇರ್ ರಾಡ್ ಅರ್ಧದಲ್ಲೇ ನಿಂತಿತು. ನಡುವೆ ಕೂತವರ ಮೊಣಕಾಲಿಗೆ ತಗುಲಿದರೆ ಹೀಗೇ ಆಗುವುದು. "ಕಾಲು... ಸ್ವಲ್ಪ ಆ ಕಡೆ ತಿರುಗಿಸ್ಕೊಳ್ಳಿ," ಎಂದೆ. ರಾಡ್ ಸಲೀಸಾಗಿ ಬಂತು. ಅದು ಮಾತು ಕೇಳಿದ್ದು ನನ್ನನ್ನು ಎಲ್ಲಕ್ಕಿಂತ ಹೆಚ್ಚು ಹೆದರಿಸಿತು.

ಕಡೂರಿನ ದೀಪಗಳು ಕಾಣುವವರೆಗೆ ನಾನು ಎಡಕ್ಕೆ ತಿರುಗಲಿಲ್ಲ. ಆ ಭಾರವೂ ಕದಲಲಿಲ್ಲ. ಆಸ್ಪತ್ರೆಯ ಬಾಗಿಲಲ್ಲಿ ಹಾರ್ನ್ ಒತ್ತಿ ಹಿಡಿದೆ. ಯಾರೋ ಪುಣ್ಯಾತ್ಮ ಓಡಿಬಂದು ನನ್ನ ಬಾಗಿಲನ್ನು ಹೊರಗಿನಿಂದ ತೆಗೆದ. ಬಿದ್ದೆದ್ದು ಹಿಂದಕ್ಕೆ ಓಡಿದೆ, ಇವರನ್ನು ಇಳಿಸಿದೆವು, ಒಳಗೆ ಕರೆದೊಯ್ದರು. ಇನ್ನು ಸ್ವಲ್ಪ ತಡವಾಗಿದ್ದರೆ ಕಷ್ಟವಿತ್ತು ಎಂದರು ಡಾಕ್ಟರು. ನಾನು ಅಲ್ಲೇ ನೆಲದ ಮೇಲೆ ಕೂತು ಜೋರಾಗಿ ಅತ್ತುಬಿಟ್ಟೆ.

ಇವರು ಉಳಿದುಕೊಂಡರು. ಅತ್ತೆಯನ್ನು ಆಮೇಲೆ ಕೇಳಿದೆ, ಗಾಜಿನಲ್ಲಿ ಯಾರನ್ನು ನೋಡಿದಿರಿ ಎಂದು. "ಯಾರೋ ತಲೆ ತುಂಬಾ ಸೆರಗು ಹೊದ್ದೋರು. ಮೊದ್ಲು ಬಾಗ್ಲತ್ರ ಇದ್ರು, ಆಮೇಲೆ ನಿಂಗೆ ಅಂಟ್ಕೊಂಡು ಕೂತಿದ್ರು. ಹತ್ತಿಸ್ಕೊಂಡೋಳು ನೀನು, ನನ್ನ ಕೇಳ್ತೀಯಲ್ಲ!" ಎಂದು ಗದರಿದರು. ನೆಂಟರಿಷ್ಟರಿಗೆಲ್ಲ ಇದನ್ನೇ ಹೇಳಿ ನನ್ನನ್ನು ಬೈಯುತ್ತಾರೆ.

ಮೈಯಲ್ಲಿ ಶಕ್ತಿ ಬಂದಕೂಡಲೇ ಇವರು ಸೀಟು ಬಿಚ್ಚಿ, ಹೊಸ ವೈರ್ ಹಾಕಿ, ಅದನ್ನು ಸೀಟಿನಡಿ ಬಿಡದೆ ಬಾಗಿಲ ಪಕ್ಕದಿಂದ ಎಳೆದರು. "ಇನ್ಮೇಲೆ ಯಾರು ಕೂತ್ರೂ ನಿಲ್ಲಲ್ಲ ಬಿಡೇ," ಎಂದು ಮೀಸೆ ತಿರುವಿದರು.

ಅವರಿಗೆ ಹೇಗೆ ಹೇಳಲಿ? ಅವತ್ತು ಪಕ್ಕದಲ್ಲಿ ಒಬ್ಬರಿದ್ದಾರೆಂದು ನನಗೆ ತಿಳಿಸಿದ್ದು ಆ ಕೆಟ್ಟ ವೈರ್. ಈಗ ತಿಳಿಸುವುದಕ್ಕೆ ಏನೂ ಇಲ್ಲ. ಯಾರು ಹತ್ತಿ ಕೂತರೂ ಗಾಡಿ ಸುಮ್ಮನೆ ಓಡುತ್ತದೆ.

ಆಸ್ಪತ್ರೆಯ ಹತ್ತಿರ ಅವರು ಇಳಿದದ್ದನ್ನು ನಾನೂ ನೋಡಿಲ್ಲ, ಅತ್ತೆಯೂ ನೋಡಿಲ್ಲ. ಸರ್ಕೊಳ್ಳಿ ಎಂದಾಗ ಸರಿದರು. ಕಾಲು ತಿರುಗಿಸಿ ಎಂದಾಗ ತಿರುಗಿಸಿದರು. ಇಳೀರಿ ಎಂದಾಗ ಮಾತ್ರ ಇಳಿಯಲಿಲ್ಲ...