ಕಿರವತ್ತಿಗೆ ಹೋದ ಪೆಟ್ಟಿಗೆ

ಮೂರು ವರ್ಷದ ಹಿಂದೆ, ನನ್ನ ಅರವತ್ತೆರಡನೇ ವಯಸ್ಸಿನಲ್ಲಿ, ಶಿರಸಿಯ ಒಂದು ಸಣ್ಣ ಕಾರ್ಖಾನೆಯಲ್ಲಿದ್ದೆ. ಕಾಡುಹಂದಿ ತಡೆಯುವ ಬೇಲಿಗೆ ಕರೆಂಟು ಹರಿಸುವ ಪೆಟ್ಟಿಗೆ ಅಲ್ಲಿ ತಯಾರಾಗುತ್ತಿತ್ತು. ನಾನು ಓದಿದ್ದು ಎಸ್ಸೆಸ್ಸೆಲ್ಸಿ. ರೇಡಿಯೊ ರಿಪೇರಿಯಿಂದ ಶುರುಮಾಡಿ ಪೆಟ್ಟಿಗೆಯ ಸಾಫ್ಟ್‌ವೇರ್ ಬಿಲ್ಡ್ ಮಾಡುವವರೆಗೆ, ಎಂದರೆ ಬರೆದ ಕೋಡನ್ನು ಪೆಟ್ಟಿಗೆಯಲ್ಲಿ ಓಡುವಂತೆ ಕಟ್ಟುವವರೆಗೆ, ಬಂದಿದ್ದೆ.

ಬಿಲ್ಡ್‌ಗೆ ಮೊದಲು, ಯಾವ ಸಾಲು ಸೇರಬೇಕು ಯಾವುದು ಬೇಡ ಎಂದು ತೀರ್ಮಾನಿಸುವ ಕಾನ್ಫಿಗರೇಶನ್ ಸ್ಕ್ರಿಪ್ಟ್ ಓಡುತ್ತದೆ. ಅದರಲ್ಲಿ ಮ್ಯಾಕ್ರೊಗಳಿರುತ್ತವೆ, ಒಂದು ಹೆಸರು ಬರೆದರೆ ಅದರ ಜಾಗದಲ್ಲಿ ಹತ್ತಾರು ಸಾಲು ಬಂದು ಕೂರುತ್ತವೆ. ಮ್ಯಾಕ್ರೊಗೆ ಕೊಡುವ ಸಾಲುಗಳನ್ನು ಚೌಕ ಆವರಣದೊಳಗೆ ಇಡಬೇಕು. ಇದಕ್ಕೆ ಕ್ವೋಟಿಂಗ್ ಎನ್ನುತ್ತಾರೆ. ನಾನು ಅದರೊಳಗೆ ಟಿಪ್ಪಣಿ ಸೇರಿಸಿದೆ. ಶಾಲೆಯಲ್ಲಿ ಉತ್ತರಕ್ಕೆ ಅಂಕಿ ಹಾಕುತ್ತಿದ್ದ ರೂಢಿಯಂತೆ ‘1]’ ಎಂದು ಬರೆದು, ಮುಂದೆ ಒಂದು ಅಲ್ಪವಿರಾಮವನ್ನೂ ಇಟ್ಟೆ. ಸಾಲಿನ ಮೊದಲಿಗೆ ಟಿಪ್ಪಣಿಯ ಗುರುತು # ಇದೆಯಲ್ಲ, ಯಂತ್ರ ಓದುವುದಿಲ್ಲ ಎಂದುಕೊಂಡೆ. ಓದಿತು. ಆ ಒಂಟಿ ಆವರಣಕ್ಕೇ ಕ್ವೋಟಿಂಗ್ ಮುಗಿಯಿತು, ಅಲ್ಪವಿರಾಮದ ಆಚೆಯ ಸಾಲುಗಳು ‘ಹೊಡೆತಕ್ಕೆ ಮಿತಿ ಬೇಡ’ ಎಂದು ಆರಿಸಿದಾಗ ಮಾತ್ರ ಓಡುವ ಭಾಗಕ್ಕೆ ಸರಿದವು. ಕರೆಂಟಿನ ಒಂದು ಹೊಡೆತಕ್ಕೂ ಇನ್ನೊಂದಕ್ಕೂ ನಡುವೆ ಸೆಕೆಂಡಿನ ಬಿಡುವು ಕೊಡುವ ಸಾಲೂ ಅವುಗಳಲ್ಲಿತ್ತು, ಅದು ಓಡಲೇ ಇಲ್ಲ. ತಂತಿ ಹಿಡಿದವರು ಕೈ ಬಿಡಿಸಿಕೊಳ್ಳುವುದೇ ಆ ಬಿಡುವಿನಲ್ಲಿ. ಪರದೆಯಲ್ಲಿ ಒಂದು ಎಚ್ಚರಿಕೆ ಬಂದಿತ್ತು. ನೋಡಿಯೂ ಬಿಟ್ಟೆ.

ಮೂರು ಪೆಟ್ಟಿಗೆ ಮಾರಾಟವಾದವು. ನಾಲ್ಕನೆಯದು ಮೇಜಿನ ಮೇಲೆ ಎಡೆಬಿಡದೆ ಟಕಟಕ ಎಂದಾಗ ತಪ್ಪು ತಿಳಿಯಿತು, ಕೊಂಡವರಿಗೆಲ್ಲ ಫೋನ್ ಮಾಡಿದೆ. ಎಕ್ಕಂಬಿ, ಮನ್ಮನೆಯವರು ಇನ್ನೂ ಜೋಡಿಸಿರಲಿಲ್ಲ. ಕಿರವತ್ತಿಯ ಶಿವಪ್ಪ ಜೋಡಿಸಿದ್ದ. ಅವನಿಗೆ ಫೋನಿನಲ್ಲಿ ನಿಜ ಹೇಳಲು ನಾಚಿಕೆಯಾಯಿತು. ಬ್ಯಾಟರಿ ನೋಡಬೇಕು, ಆಫ್ ಮಾಡಿಡಿ ಎಂದೆ. ಮಧ್ಯಾಹ್ನ ಉಂಡು ಮಾಡ್ತೇನೆ ಎಂದ. ನಾನು ಹೂಂ ಎಂದೆ. ಆಮೇಲೆ ಹೆದರಿ ಎಷ್ಟು ಸಲ ಮಾಡಿದರೂ ಫೋನ್ ಹತ್ತಲಿಲ್ಲ.

ಬೈಕ್ ಹತ್ತಿ ಹೊರಟೆ. ಯಲ್ಲಾಪುರದ ಹತ್ತಿರ ಎದುರಿಗೆ ಆಂಬುಲೆನ್ಸ್ ಬಂತು. ಅದು ಕಿರವತ್ತಿಯದೇ ಅನ್ನಿಸಿ ಬೈಕಿನ ವೇಗ ಹೆಚ್ಚಿಸಿದೆ.

ಹೊಲ ಮುಟ್ಟಿದಾಗ ಶಿವಪ್ಪನ ಹೆಂಡತಿ ಗಂಗವ್ವ, ತಲೆಯ ಮೇಲೆ ಹುಲ್ಲಿನ ಹೊರೆ ಹೊತ್ತು, ಬೇಲಿ ನುಸುಳಲೆಂದು ತಂತಿ ಎತ್ತಲು ಕೈ ಚಾಚಿದ್ದಳು. ಮುಟ್ಟಬೇಡಿ ಎಂದು ಕೂಗಿಕೊಂಡೆ.

“ಬ್ಯಾಟರಿ ನೋಡಾಕ ಆಫ್ ಮಾಡ್ತೇನಿ ಅಂದಿದ್ರಲ್ರಿ ನಮ್ಮನಿಯವ್ರು,” ಎಂದಳು.

ಪೆಟ್ಟಿಗೆ ಬಡಿದುಕೊಳ್ಳುತ್ತಲೇ ಇತ್ತು. ನಾನೇ ಓಡಿಹೋಗಿ ಆರಿಸಿದೆ. ಶಿವಪ್ಪ ಆಗಷ್ಟೇ ಉಂಡು ಕೈ ತೊಳೆದು ಬಂದು ನಕ್ಕ. “ಬ್ಯಾಟರಿಗೆ ಇಷ್ಟ್ಯಾಕ ಬೆವರ್ತೀರಿ, ಅಜ್ಜಾರ?”

ಎಲ್ಲ ಹೇಳಿದೆ. ಅವನು ಹೋಗಿ ಪೆಟ್ಟಿಗೆಯಿಂದ ಬೇಲಿಯ ತಂತಿಯನ್ನೇ ಕಿತ್ತುಹಾಕಿದ. ಗಂಗವ್ವ ಹೊರೆ ಇಳಿಸಿ ತನ್ನ ಅಂಗೈ ನೋಡಿಕೊಂಡಳು.

“ಜೀವಕ್ಕ ಬರ್ತೈತಿ ಅಂತ ಫೋನಿನ್ಯಾಗ ಒಂದ್ ಮಾತು ಅಂದಿದ್ರ, ಇವ್ರು ತುತ್ತು ಬಿಟ್ಟು ಓಡಿ ಬರ್ತಿದ್ರು.”

ಸ್ಕ್ರಿಪ್ಟ್ ತಿದ್ದಲು ಐದು ನಿಮಿಷ ಸಾಕಾಯಿತು. ಆದರೆ ಅವಳ ಕೈಯನ್ನು ತಂತಿಯ ಹತ್ತಿರ ತಂದದ್ದು ಸ್ಕ್ರಿಪ್ಟ್ ಅಲ್ಲ, ಬ್ಯಾಟರಿ ಎಂದು ನಾನು ಫೋನಿನಲ್ಲಿ ಹೇಳಿದ ಸುಳ್ಳು. ಅಂದಿನಿಂದ ಯಾವ ತಪ್ಪು ಸಿಕ್ಕರೂ, ಅದರಿಂದ ಯಾರಿಗೆ ಏನಾದೀತು ಎಂಬುದನ್ನು ಮೊದಲು ಹೇಳುತ್ತೇನೆ. ಕಾರಣ ಆಮೇಲೆ.