ಅವ್ವನ ಎಡೆಗೆ ಕಪ್ಪು ಪಾಸ್ತಾ

ಹುಚ್ಚೆಳ್ಳು ಹುರಿಯುವಾಗ ಒಲೆಯ ಮುಂದಿನಿಂದ ಏಳಬಾರದು. ಚಟಪಟ ಸದ್ದು ನಿಂತ ಮೇಲೆ ಒಂದು ಗಳಿಗೆ ಬಿಟ್ಟರೂ ಕಹಿಯಾಗಿಬಿಡುತ್ತದೆ. ಇದನ್ನು ನನಗೆ ಕಲಿಸಿದವಳು ಅವ್ವ. ಅವಳು ಕಲಿಸಿದ ಅದೇ ಹದದಲ್ಲಿ ಹುಚ್ಚೆಳ್ಳು ಹುರಿದು, ಪುಡಿ ಮಾಡಿ, ಅವಳ ಎಡೆಯ ದಿನವೇ, ಮೈಸೂರಿನಿಂದ ಬಂದ ಹದಿನಾಲ್ಕು ಜನರ ದೆವ್ವದ ಊಟಕ್ಕೆ ಪಾಸ್ತಾ ಕಪ್ಪು ಮಾಡಿದೆ.

ಗುಂಡ್ಲುಪೇಟೆಯಿಂದ ಕೇರಳದ ಗಡಿ ಕಡೆಯ ಮದ್ದೂರಿಗೆ ಹೋಗುವ ರಸ್ತೆಯಲ್ಲಿ, ಕಾಡು ಶುರುವಾಗುವುದಕ್ಕೆ ಸ್ವಲ್ಪ ಮೊದಲು, ನನ್ನ ತಮ್ಮನ ಹೋಂಸ್ಟೇ ಇದೆ. ಆರು ರೂಮು, ಹಿಂದೆ ಒಂದು ಊಟದ ಶೆಡ್ಡು. ರಾತ್ರಿ ಒಂಬತ್ತಕ್ಕೆ ಕಾಡಿನ ಗೇಟು ಬೀಳುವುದರಿಂದ ಕೇರಳಕ್ಕೆ ಹೋಗುವವರು ಎಷ್ಟೋ ಜನ ಇಲ್ಲೇ ತಂಗುತ್ತಾರೆ. ನನ್ನನ್ನು ಕುದೇರಿಗೆ ಕೊಟ್ಟಿದ್ದರು. ಗಂಡ ತೀರಿಕೊಂಡ ಮೇಲೆ ಎರಡು ಟ್ರಂಕು ಮತ್ತು ಒಂದು ಶಾವಿಗೆ ಒರಳು ಹೊತ್ತುಕೊಂಡು ತವರಿಗೆ ಬಂದೆ. ಅವ್ವ ಇದ್ದಷ್ಟು ದಿನ ಅಡುಗೆಮನೆ ಅವಳದು, ನಾನು ಕೈಯಾಳು. ಅವಳು ಹೋದ ಮೇಲೆ ಅಡುಗೆ ನನ್ನದಾಯಿತು. ಅಡುಗೆಮನೆ ಮಾತ್ರ ತಮ್ಮನದು.

ನಮ್ಮ ಮನೆಯಲ್ಲಿ ಸತ್ತವರಿಗೆ ಎಡೆ ಇಡುವುದು ದೀಪಾವಳಿ ಅಮಾವಾಸ್ಯೆಯ ದಿನ. ಅವರಿಗೆ ಇಷ್ಟವಾದದ್ದನ್ನೆಲ್ಲ ಮಾಡಿ, ಬಾಳೆಲೆಯಲ್ಲಿ ಬಡಿಸಿ, ಫೋಟೋದ ಮುಂದಿಟ್ಟು ಮಗ ಧೂಪ ಹಾಕಬೇಕು. ಅಲ್ಲಿಯವರೆಗೆ ಮನೆಯವರು ಯಾರೂ ಉಣ್ಣುವಂತಿಲ್ಲ, ಅಡುಗೆ ಮಾಡುವವಳು ಉಪ್ಪು ಕೂಡ ನೋಡುವಂತಿಲ್ಲ. ಆಮೇಲೆ ಎಲೆಯಲ್ಲಿನ ಒಂದು ಪಾಲನ್ನು ಕಾಂಪೌಂಡ್ ಗೋಡೆಯ ಮೇಲೆ ಕಾಗೆಗೆ ಇಡುತ್ತೇವೆ. ಕಾಗೆ ಮುಟ್ಟಿದರೆ ಸತ್ತವರು ಉಂಡಂತೆ. ಮುಟ್ಟದಿದ್ದರೆ ಅವರಿಗೆ ಮನಸ್ಸಿನಲ್ಲಿ ಏನೋ ಕೊರಗು ಇದೆ ಎಂದು ಅರ್ಥ.

ಅವ್ವನಿಗೆ ಇಷ್ಟವಾದದ್ದು ಒತ್ತು ಶಾವಿಗೆ, ಕಾಯಿಹಾಲು. ಕೊನೆಕೊನೆಗೆ ಬಾಯಲ್ಲಿ ಒಂದೇ ಹಲ್ಲು ಉಳಿದಾಗ ಅವಳು ಉಣ್ಣುತ್ತಿದ್ದದ್ದೂ ಅದೊಂದೇ. ನಾವು ಚಿಕ್ಕವರಿದ್ದಾಗ ಅವಳು ತೆಂಗಿನಕಾಯಿ ರುಬ್ಬಿ ಮೊದಲು ಹಿಂಡಿದ ಗಟ್ಟಿ ಹಾಲನ್ನು ತಮ್ಮನ ತಟ್ಟೆಗೆ ಹಾಕುತ್ತಿದ್ದಳು. ಮತ್ತೆ ನೀರು ಬೆರೆಸಿ ಹಿಂಡಿದ್ದು ನನಗೆ. ಕೇಳಿದರೆ, "ಗಂಡುಡ್ಗ ಕಣಮ್ಮಿ, ಉಣ್ಣಲಿ ಬುಡು" ಎನ್ನುತ್ತಿದ್ದಳು. ಆದರೂ ಅವಳು ಹೋದ ಮೇಲಿನ ಎರಡು ಅಮಾವಾಸ್ಯೆಯಲ್ಲೂ ಗಟ್ಟಿ ಹಾಲನ್ನೇ ತೆಗೆದು ಎಡೆಗಿಟ್ಟೆ. ಎರಡು ಸಲವೂ ಕಾಗೆ ಸತಾಯಿಸಿತು. ಕೋತಿಗಳು ಬಂದು ಎಲೆ ಎಳೆದಾವೆಂದು ಕೋಲು ಹಿಡಿದು ಬಿಸಿಲಲ್ಲಿ ನಿಂತು, "ಬಾರವ್ವ, ಬಾ" ಎಂದು ಕರೆದು ಕರೆದು ಗಂಟಲು ಒಣಗಿದ ಮೇಲೆ ಕೊನೆಗೊಮ್ಮೆ ಬಂದು ಕೊಕ್ಕು ಹಾಕಿತ್ತು.

ಆ ವರ್ಷ ಅಮಾವಾಸ್ಯೆಯೂ ಮೈಸೂರಿನವರ ಪಾರ್ಟಿಯೂ ಒಂದೇ ದಿನ ಬಿದ್ದವು. ತಮ್ಮ ಒಂದು ವಾರ ಮೊದಲು ಅಡುಗೆಮನೆಯ ಬಾಗಿಲಲ್ಲಿ ನಿಂತು ಹೇಳಿದ.

"ಅಮಾಸೆ ಅಂತ ನಂಗೂ ಗೊತ್ತು ಕಣಕ್ಕ. ಅವರ ಊಟ ಇರಾದು ಸಂದೇಗೆ. ನಾವು ಮದ್ಯಾನ್ದೊಳಗೆ ಎಡೆ ಮುಗಿಸ್ಬುಡನ."

"ಅದೇನ್ ಪಾರ್ಟಿ ಅಂತದ್ದು?"

"ಹ್ಯಾಲೋವೀನ್ ಅಂತ. ಫಾರಿನ್ನೋರ ದೆವ್ವದ ಅಬ್ಬ. ನಮ್ಮ ಎಡೆ ಇದ್ದಂಗೇಯ."

"ಎಡೆ ಇಡಾದು ದೆವ್ವಕ್ಕಲ್ಲ ಕಣ್ಲಾ, ಅವ್ವಂಗೆ."

"ಸರಿ ಬುಡಕ್ಕ" ಎಂದು ನಕ್ಕು ಹೋದ.

ಅವನ ಹೆಂಡತಿ ಚಾಮರಾಜನಗರ ಟೌನಿನವಳು. ಬುಕಿಂಗ್, ಫೋನು ಎಲ್ಲ ಅವಳದೇ. ಮೊಬೈಲಿನಲ್ಲಿ ಒಂದು ಚಿತ್ರ ತೋರಿಸಿದಳು. ಹಸಿರು ತೊಟ್ಟಿನ ಸಿಹಿಕುಂಬಳಕ್ಕೆ ಕಣ್ಣು ಬಾಯಿ ಕೊರೆದು, ಬಾಯಿಂದ ಕರಿ ಶಾವಿಗೆಯಂಥದ್ದು ಕರುಳು ಸುರಿದ ಹಾಗೆ ಹೊರಗೆ ಇಳಿಬಿದ್ದಿತ್ತು. ಅದರ ಮೇಲೆ ನಾಲ್ಕಾರು ಕಣ್ಣುಗುಡ್ಡೆ.

"ಇದೇ ಬೇಕಂತೆ ಅತ್ಗೆ. ಪಾಸ್ತಾ. ಆ ಕಪ್ಪು ಬಣ್ಣ ಅದ್ಯಾವುದೋ ಸಮುದ್ರದ ಮೀನಿನ ಮಸಿಯಂತೆ."

"ಮಸಿ ಉಣ್ತಾರಾ?"

"ದುಡ್ಡು ಕೊಟ್ಟು ಉಣ್ತಾರೆ."

ಆ ಮಸಿ ನಮಗೆಲ್ಲಿ ಸಿಗಬೇಕು? ನಾನು ಸುಮ್ಮನಿದ್ದಿದ್ದರೆ ಅಲ್ಲಿಗೆ ಆ ಮಾತು ಮುಗಿಯುತ್ತಿತ್ತೋ ಏನೋ. ಬಾಯಿ ಸುಮ್ಮನಿರಲಿಲ್ಲ. "ಹುಚ್ಚೆಳ್ಳು ಪುಡಿ ಹಾಕುದ್ರೆ ಕಪ್ಪಾಯ್ತದೆ, ರುಚಿನೂ ಬತ್ತದೆ" ಎಂದುಬಿಟ್ಟೆ. ಅವಳು ನನ್ನ ಕೈ ಹಿಡಿದು ಕುಣಿದಳು. ನನಗೂ ಒಳಗೊಳಗೇ ಹಿಗ್ಗಾಯಿತು. ಸುಳ್ಳು ಯಾಕೆ ಹೇಳಲಿ.

ಅಮಾವಾಸ್ಯೆಯ ಬೆಳಿಗ್ಗೆ ಮಿಂದು, ಅಕ್ಕಿಹಿಟ್ಟು ಬೇಯಿಸಿ ಉಂಡೆ ಕಟ್ಟಿ, ಒರಳಿಗೆ ಹಾಕಿ ಶಾವಿಗೆ ಒತ್ತಿದೆ. ಒಬ್ಬಳೇ ಒತ್ತುವ ಕೆಲಸವಲ್ಲ ಅದು. ರಟ್ಟೆ ಬಿದ್ದುಹೋಯಿತು. ಎರಡು ಕಾಯಿ ತುರಿದು ಗಟ್ಟಿ ಹಾಲು ಹಿಂಡಿ, ಬೆಲ್ಲ ಏಲಕ್ಕಿ ಬೆರೆಸಿ ಮುಚ್ಚಿಟ್ಟೆ. ಅಷ್ಟರಲ್ಲಿ ತಮ್ಮ ಕರಿಬಟ್ಟೆ, ಕೆಂಪು ಬಲ್ಬು ತರುತ್ತೇನೆಂದು ಚಾಮರಾಜನಗರಕ್ಕೆ ಹೊರಟ. ಹನ್ನೆರಡಕ್ಕೆ ಬಂದುಬಿಡುತ್ತೇನೆಂದಿದ್ದ. ಒಂದು ಗಂಟೆಗೆ ನಾನೇ ಫೋನು ಮಾಡಿದೆ.

"ಬಲ್ಬು ಸಿಕ್ಕಿಲ್ಲ ಕಣಕ್ಕ. ಇನ್ನೊಂದು ಅಂಗ್ಡಿ ನೋಡ್ಕಂಡು ಬತ್ತೀನಿ."

"ಧೂಪ ಯಾರ್ಲಾ ಆಕೋರು?"

"ಬತ್ತೀನಿ ಅಂದ್ನಲ್ಲ."

ಮಗನಿಲ್ಲದೆ ಎಡೆ ಇಲ್ಲ. ಶಾವಿಗೆ ಮುಚ್ಚಿದಲ್ಲೇ ಉಳಿಯಿತು. ಅತಿಥಿಗಳು ಎರಡಕ್ಕೇ ಬಂದಿಳಿದರು. ಹೆಂಗಸರು ಇಡೀ ಕುಂಬಳಕಾಯಿಗೆ ಮೊದಲ ಕತ್ತಿ ಹಾಕಬಾರದು, ಗಂಡಸರು ಒಡೆದುಕೊಡಬೇಕು ಎಂದು ನಾನು ಅದನ್ನು ಹಾಗೇ ಇಟ್ಟಿದ್ದೆ. ಅತಿಥಿಗಳಲ್ಲಿ ಒಬ್ಬ ಹುಡುಗಿ ಬಂದು "ಕೊಡಿ ಆಂಟಿ" ಎಂದು ನೆತ್ತಿಯಲ್ಲೇ ಕತ್ತಿ ಚುಚ್ಚಿ ಐದು ನಿಮಿಷದಲ್ಲಿ ತಿರುಳು ಬಗೆದು ಕೊಟ್ಟಳು. ಏನೂ ಆಗಲಿಲ್ಲ.

ಹಸಿದ ಹೊಟ್ಟೆಯಲ್ಲೇ ದೆವ್ವದ ಅಡುಗೆಗೆ ನಿಂತೆ. ಉದ್ದ ಪಾಸ್ತಾವನ್ನು ಉಪ್ಪುನೀರಿನಲ್ಲಿ ಬೇಯಿಸಿ ಬಸಿದೆ. ಎಣ್ಣೆಯಲ್ಲಿ ಬೆಳ್ಳುಳ್ಳಿ, ಒಣಮೆಣಸಿನಕಾಯಿ ಕೆಂಪಗೆ ಹುರಿದು ಹುಚ್ಚೆಳ್ಳು ಪುಡಿ ಸುರಿದು ಕಲಸಿದೆ. ಕರ್ರಗೆ ಮಿಂಚುತ್ತ ಬಂತು. ಮೊಟ್ಟೆ ಬೇಯಿಸಿ ಅರ್ಧಕ್ಕೆ ಕತ್ತರಿಸಿ, ಹಳದಿಯ ಮೇಲೆ ಕರಿ ಆಲಿವ್ ಚೂರು ಇಟ್ಟು, ಟೊಮೆಟೊ ಸಾಸಿನಲ್ಲಿ ಕಡ್ಡಿ ಅದ್ದಿ ಕೆಂಪು ನರ ಎಳೆದೆ. ಎಡೆ ಇನ್ನೂ ಆಗಿರಲಿಲ್ಲವಾದ್ದರಿಂದ ಒಂದೆಳೆಯನ್ನೂ ಬಾಯಿಗಿಟ್ಟು ನೋಡಲಿಲ್ಲ.

ತಮ್ಮ ಬಂದದ್ದು ನಾಲ್ಕೂವರೆಗೆ. ಬಂದವನು ನೇರ ಶೆಡ್ಡಿಗೆ ಹೋದ. ಆರು ಗಂಟೆಗೆ ನಾನು ತಟ್ಟೆ ಜೋಡಿಸಲು ಹೋದಾಗ ಕರಿಬಟ್ಟೆ ಹೊದಿಸಿದ ಗೋಡೆಯ ನಡುವೆ ಅವ್ವ ಇದ್ದಳು. ಮನೆಯೊಳಗಿನ ಗೋಡೆಯ ಮೇಲೆ ಹಾರ ಹಾಕಿಟ್ಟಿದ್ದ ಅದೇ ಫೋಟೋ. ತೆಗೆಯುವಾಗ ಫ್ಲಾಶಿಗೆ ಬೆಚ್ಚಿ ಕಣ್ಣು ಅಗಲ ಬಿಟ್ಟಿದ್ದಳು. ತಲೆ ಕೆದರಿತ್ತು, ಒಂದು ಹಲ್ಲು ಕಾಣುತ್ತಿತ್ತು. ಕೆಳಗಿನಿಂದ ಕೆಂಪು ಬಲ್ಬು. ಗಾಜಿನ ಮೇಲೆ ಹತ್ತಿ ಹಿಂಜಿ ಜೇಡರ ಬಲೆಯಂತೆ ಅಂಟಿಸಿದ್ದರು.

"ಏನ್ಲಾ ಇದು?"

"ಅವರೇ ನೋಡಿ ಕೇಳುದ್ರು ಕಣಕ್ಕ. ಅಜ್ಜಿ ಸೂಪರ್ ಅಂದ್ರು."

"ಹೆತ್ತವ್ವನ್ನ ದೆವ್ವ ಮಾಡ್ಬುಟ್ಟಲ್ಲೋ."

"ಒಳಗೆ ಸುಮ್ನೆ ನೇತಾಡ್ತಿದ್ಲು. ಇಲ್ಲಿ ಹದಿನಾಕು ಜನ ನೋಡ್ತಾರೆ. ಅವ್ವಂಗೆ ಜನ ಅಂದ್ರೆ ಇಷ್ಟ ತಾನೆ?"

ಅದು ನಿಜ. ಅವ್ವನಿಗೆ ಮನೆ ತುಂಬ ಜನ ಬೇಕಿತ್ತು. ನಿಜವಾದದ್ದರಿಂದಲೇ ನನಗೆ ಹೊಟ್ಟೆ ಉರಿಯಿತು.

"ಅಂಗಾದ್ರೆ ಧೂಪನೂ ಇಲ್ಲೇ ಆಕು, ಎಡೆನೂ ಇಲ್ಲೇ ಇಡು" ಎಂದೆ. "ಬೆಳಿಗ್ಗೆ ಕಾಗೆ ಮುಟ್ಟನಿಲ್ಲ ಅಂದ್ರೆ, ಇನ್ಮೇಲೆ ಅಮಾಸೆ ದಿನ ಈ ಮನೇಲಿ ಬುಕಿಂಗ್ ಇಲ್ಲ. ಆ ದಿನ ಅವ್ವಂದು. ಒಪ್ತೀಯಾ?"

ಅವನ ನಗು ಇಳಿಯಿತು. ಎಷ್ಟೇ ವ್ಯಾಪಾರಿಯಾದರೂ ಕಾಗೆಯ ವಿಷಯದಲ್ಲಿ ಅವನು ಪುಕ್ಕಲ. "ಮುಟ್ಟುದ್ರೆ?" ಎಂದ.

"ಮುಟ್ಟುದ್ರೆ ನಾನು ಈ ಮಾತು ಎತ್ತಲ್ಲ. ಬಾಯೇ ಬುಡಲ್ಲ."

"ಆಯ್ತು. ಅವ್ವನ ಆಣೆ."

ನಾನು ಮಾಡಿದ ತಪ್ಪು ಇಲ್ಲಿದೆ. ಬಾಳೆಲೆ ಹಾಸಿದೆ. ಶಾವಿಗೆ ತರಲಿಲ್ಲ. ಕರಿ ಪಾಸ್ತಾ ಬಡಿಸಿ, ಮೇಲೆ ಒಂದು ಕಣ್ಣುಗುಡ್ಡೆ ಇಟ್ಟೆ. ಬೆಳ್ಳುಳ್ಳಿ, ಖಾರ, ಆ ಮಸಿಬಣ್ಣ, ಇಂಥದ್ದನ್ನು ಅವ್ವ ಖಂಡಿತ ಮುಟ್ಟುವುದಿಲ್ಲ ಎಂದು ನನಗೆ ಗೊತ್ತಿತ್ತು. ಗೊತ್ತಿದ್ದೇ ಇಟ್ಟೆ.

"ಶಾವಿಗೆ ಎಲ್ಲಕ್ಕ?" ಎಂದ ತಮ್ಮ.

"ಕೆಟ್ಟೋಯ್ತು. ಬೆಳಗಿಂದ ಇಟ್ಕಂಡು ಕಾದ್ರೆ ಇನ್ನೇನಾಯ್ತದೆ?"

ಕೆಟ್ಟಿರಲಿಲ್ಲ. ಅಡುಗೆಮನೆಯ ಕಟ್ಟೆಯ ಮೇಲೆ ಮುಚ್ಚಿದ ಹಾಗೇ ಇತ್ತು.

ತಮ್ಮ ಕೆಂಡದ ಮೇಲೆ ಧೂಪ ಹಾಕಿ ಕೈಮುಗಿದ. ಹೊಗೆ ಎದ್ದು ಕೆಂಪು ಬೆಳಕಿಗೆ ಸುತ್ತಿಕೊಂಡಿತು. ಅತಿಥಿಗಳು ಚಪ್ಪಾಳೆ ತಟ್ಟಿದರು. ಮೊಬೈಲುಗಳು ಮೇಲೆದ್ದವು. ಅವರ ಪಾಲಿಗೆ ಅದೂ ಊಟದ ಜೊತೆಗಿನ ಆಟ. ಕುಂಬಳಕಾಯಿ ಕೊರೆದಿದ್ದ ಹುಡುಗಿ ಎರಡನೇ ಸಲ ಬಡಿಸಿಕೊಳ್ಳುತ್ತ, "ಆಂಟಿ, ಟೇಸ್ಟ್ ಸಕ್ಕತ್ತಾಗಿದೆ. ಆ ಅಜ್ಜಿ ಪ್ರಿಂಟ್ ಎಲ್ಲಿ ಸಿಕ್ತು ನಿಮಗೆ?" ಎಂದಳು.

"ಮನೇಲೇ ಇತ್ತು" ಎಂದೆ.

ಪಾತ್ರೆಯಲ್ಲಿ ಒಂದೆಳೆ ಉಳಿಯಲಿಲ್ಲ. ಎಡೆಯ ಎಲೆಯನ್ನು ಮಾತ್ರ ಬುಟ್ಟಿ ಕವುಚಿ ಬೆಳಗಿನವರೆಗೆ ಕಾಪಾಡಿದೆ. ಕಾಗೆ ಮುಟ್ಟುವತನಕ ನಾನಂತೂ ಉಣ್ಣುವುದಿಲ್ಲವೆಂದೆ. ಅತಿಥಿಗಳು ಎಷ್ಟು ಕರೆದರೂ ತಮ್ಮನೂ ತಟ್ಟೆಗೆ ಕೈ ಹಾಕಲಿಲ್ಲ.

ಬೆಳಿಗ್ಗೆ ಎಲೆಯನ್ನು ಕಾಂಪೌಂಡಿನ ಮೇಲಿಟ್ಟೆ. ಈ ಸಲ ಕೋಲು ಹಿಡಿಯಲಿಲ್ಲ. ಕೋತಿ ಬಂದು ಎಳೆದರೆ ಎಳೆಯಲಿ ಎಂದುಕೊಂಡೆ. "ಬಾರವ್ವ" ಎಂದೂ ಕರೆಯಲಿಲ್ಲ. ಕೋಲು ಹಿಡಿದವನು ತಮ್ಮ. ಹಸಿವಿಗೆ ಅವನ ಮುಖ ಬಾಡಿತ್ತು. "ಅವ್ವಾ, ತಪ್ಪಾಯ್ತು, ಬಂದು ಉಣ್ಣವ್ವಾ" ಎಂದು ಅವನು ಬಾಯಿ ಮುಚ್ಚುವುದರೊಳಗೆ ಕಾಗೆ ಬಂದು ಕೂತಿತು.

ಅಡುಗೆಮನೆಯ ಹಿಂದಿನ ಹೊಂಗೆಮರದಿಂದ ಬಂತು. ನನ್ನನ್ನು ನೋಡಿತು. ಒಂದು ರೆಕ್ಕೆಯ ತುದಿ ಬೆಳ್ಳಗಿತ್ತು. ಅದನ್ನು ನೋಡಿದ ಕೂಡಲೇ ನನಗೆ ಗುರುತು ಸಿಕ್ಕಿತು. ದಿನಾ ಬೆಳಿಗ್ಗೆ ನಾನು ಅತಿಥಿಗಳು ಬಿಟ್ಟ ನೂಡಲ್ಸು, ಆಮ್ಲೆಟ್ಟು, ಬ್ರೆಡ್ಡು ಎಲ್ಲವನ್ನೂ ಬಕೆಟ್ಟಿನಲ್ಲಿ ತಂದು ಆ ಮರದ ಬುಡಕ್ಕೆ ಸುರಿಯುತ್ತೇನೆ. ಮೊದಲು ಇಳಿಯುವುದು ಇದೇ ಕಾಗೆ. ಕೋಳಿ ಸಾಕಿದ ಹಾಗೆ ನನ್ನ ಕೈಯಾರೆ ಅದನ್ನು ಸಾಕಿದ್ದೆ. ಪಂದ್ಯ ಕಟ್ಟುವಾಗ ಅದೊಂದು ನೆನಪಿಗೆ ಬರಲಿಲ್ಲ. ಅದು ಮೊದಲು ಕಣ್ಣುಗುಡ್ಡೆಯನ್ನು ಎತ್ತಿ ನುಂಗಿತು. ಆಮೇಲೆ ಒಂದೊಂದೇ ಕರಿ ಎಳೆಯನ್ನು ಎಳೆದು ಎಳೆದು ತಿಂದಿತು.

"ನೋಡಕ್ಕ! ಅವ್ವ ಉಂಡ್ಲು!" ತಮ್ಮ ಕೋಲು ಬಿಸಾಡಿದ. ಅವನ ಕಣ್ಣಲ್ಲಿ ನೀರಿತ್ತು. ಅಣಕವಲ್ಲ, ನಿಜವಾದ ಅಳು. "ನನ್ನ ಮ್ಯಾಲೆ ಕ್ವಾಪ ಇಲ್ಲ ಕಣಕ್ಕ ಅವ್ವಂಗೆ. ಒಂದು ನಿಮ್ಸನೂ ಕಾಯಿಸ್ನಿಲ್ಲ."

ಅದು ಅವ್ವ ಅಲ್ಲ ಕಣ್ಲಾ, ಎಂಜಲು ತಿಂದು ಕಲಿತ ಕಾಗೆ ಎಂದು ಬಾಯಿ ತುದಿಗೆ ಬಂತು. ಹಾಗೆಂದರೆ ಹಿಂದಿನ ಎರಡು ವರ್ಷ ನಾನು ಬಿಸಿಲಲ್ಲಿ ನಿಂತು ಅವ್ವಾ ಎಂದು ಕರೆದದ್ದೂ ಬರೀ ಕಾಗೆಯನ್ನೇ ಆಯಿತು. ಅವ್ವನೇ ಎಂದು ಒಪ್ಪಿದರೆ, ಸತ್ತ ಮೇಲೂ ಅವಳು ಮಗನ ಕಡೆಗೇ ಹೋದಳು. ಎರಡರಲ್ಲಿ ಯಾವುದನ್ನೂ ನುಂಗಲಾಗಲಿಲ್ಲ. ಅವನು ಒಳಗೆ ಹೋಗಿ ಹೆಂಡತಿಗೆ "ಇಕ್ಕಮ್ಮಿ, ಹಸ್ದು ಸಾಯ್ತಾವ್ನಿ" ಎನ್ನುವುದು ಕೇಳಿಸಿತು.

ನಾನು ಅಡುಗೆಮನೆಗೆ ಹೋಗಿ ಮುಚ್ಚಿಟ್ಟಿದ್ದ ಶಾವಿಗೆ ತಂದೆ. ಎಲೆಯ ಪಕ್ಕದಲ್ಲಿ ಅದನ್ನಿಟ್ಟು ಗಟ್ಟಿ ಹಾಲು ಹುಯ್ಯುವಾಗ ಹುಳಿ ವಾಸನೆ ಮೂಗಿಗೆ ಬಡಿಯಿತು. ಹಾಲು ಒಡೆದು ನೀರು ನೀರಾಗಿತ್ತು. ಸಂಜೆ ಹೇಳಿದ ಸುಳ್ಳು ಬೆಳಗಾಗುವುದರಲ್ಲಿ ನಿಜವಾಗಿತ್ತು. ಕಾಗೆ ಎರಡು ಹೆಜ್ಜೆ ಕುಪ್ಪಳಿಸಿ ಬಂದು ನೋಡಿತು. ಗೋಡೆಗೆ ಕೊಕ್ಕನ್ನು ಅತ್ತ ಇತ್ತ ಒರೆಸಿ ಹಾರಿಹೋಯಿತು.

ಅವ್ವನ ಫೋಟೋ ಈಗಲೂ ಶೆಡ್ಡಿನಲ್ಲೇ ಇದೆ. ಬಂದವರು ಆ ರಾತ್ರಿಯ ವಿಡಿಯೋ ಫೋನಿನಲ್ಲಿ ನೋಡಿರುತ್ತಾರಂತೆ, ಆ ಅಜ್ಜಿ ಎಲ್ಲಿ, ಕಪ್ಪು ಪಾಸ್ತಾ ಎಲ್ಲಿ ಎಂದು ಕೇಳುತ್ತಾರಂತೆ. ಹತ್ತಿ ತೆಗೆದು ಗಾಜು ಒರೆಸುವವಳು ನಾನೇ. ಮುಂದಿನ ದೀಪಾವಳಿ ಅಮಾವಾಸ್ಯೆಗೂ ಆರು ರೂಮೂ ಆಗಲೇ ತುಂಬಿವೆ. ತಮ್ಮನ ಹೆಂಡತಿ ಸಾಮಾನಿನ ಪಟ್ಟಿ ಬರೆಯುತ್ತ, "ಅತ್ಗೆ, ಹುಚ್ಚೆಳ್ಳು ಎಷ್ಟು ತರ್ಸನ?" ಎಂದಳು. ಅರ್ಧ ಕೆಜಿ ಸಾಕೆಂದೆ. ಅಕ್ಕಿಹಿಟ್ಟನ್ನೂ ಬರೆದುಕೋ ಎನ್ನುವಷ್ಟರಲ್ಲಿ ತಮ್ಮ ಒಳಗೆ ಬಂದ.

"ಶಾವಿಗೆ ಯಾಕಕ್ಕ, ಒಬ್ಳೇ ಒತ್ತಿ ಸುಸ್ತಾಯ್ತೀಯ" ಎಂದ, ತುಂಬಾ ಪ್ರೀತಿಯಿಂದ. "ಆವತ್ತು ಮಾಡಿದ್ದನ್ನೇ ಒಂದು ಎಲೆ ಇಡು. ಅವ್ವಂಗೆ ಅದೇ ಇಷ್ಟ."

ಬಾಯಿ ಬಿಡುವುದಿಲ್ಲ ಎಂದು ಮಾತು ಕೊಟ್ಟಿದ್ದವಳು ನಾನೇ. ಶಾವಿಗೆ ಒರಳನ್ನು ಒರೆಸಿ ಅಟ್ಟಕ್ಕೆ ಹಾಕಿದೆ.